ಅಳತೆ ಪುಸ್ತಕದ ಹಿಂದಿನ ಹಾಳೆ

ಪುಟ್ಟಿಗೆ ಹತ್ತು ತಿಂಗಳಿದ್ದಾಗ ಒಂದು ಪೈಜಾಮ ಹೊಲಿದೆ. ಯಾರದೋ ಚೂಡಿದಾರದಲ್ಲಿ ಉಳಿದ ಕಾಟನ್ ಬಟ್ಟೆ. ಎಡಗಾಲು ಸಲೀಸಾಗಿ ಹೋಯಿತು. ಬಲಗಾಲು ತೊಡೆಯ ಹತ್ತಿರ ಸಿಕ್ಕಿಕೊಂಡಿತು. ಹೊಲಿಗೆ ಬಿಚ್ಚಿ ನೋಡಿದೆ. ಎರಡೂ ಕಾಲಿನ ಬಟ್ಟೆಯನ್ನು ಒಂದರ ಮೇಲೊಂದು ಇಟ್ಟು ಒಟ್ಟಿಗೇ ಕತ್ತರಿಸಿದ್ದು, ನೂಲಿನಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಆಮೇಲೆ ಟೇಪ್ ತೆಗೆದು ಮಗುವಿನ ಕಾಲನ್ನೇ ಅಳೆದೆ. ತೊಡೆಯ ಸುತ್ತಳತೆ ಎಡಕ್ಕೆ 10½ ಇಂಚು, ಬಲಕ್ಕೆ 11¼.

ನಾನು ಕುಮಟಾದಲ್ಲಿ ಬಟ್ಟೆ ಹೊಲಿಯುವವಳು. ಮನೆಯ ಜಗಲಿಗೇ ಶಟರ್ ಹಾಕಿಸಿ ಅಂಗಡಿ ಮಾಡಿಕೊಂಡಿದ್ದೇನೆ. ಮುಕ್ಕಾಲು ಇಂಚು ಬೇರೆಯವರಿಗೆ ಏನೂ ಅಲ್ಲದಿರಬಹುದು. ನಮ್ಮ ಕೆಲಸದಲ್ಲಿ ಮುಕ್ಕಾಲು ಇಂಚು ತಪ್ಪಿದರೆ ಗಿರಾಕಿ ಬ್ಲೌಸನ್ನು ಮೇಜಿನ ಮೇಲೆ ಎಸೆದು ಹೋಗುತ್ತಾರೆ. ಅಳತೆ ಪುಸ್ತಕದಲ್ಲಿ ಗಿರಾಕಿಗಳದ್ದು ಮುಂದಿನಿಂದ, ಮನೆಯವರದ್ದು ಹಿಂದಿನಿಂದ ಬರೆಯುವುದು ನನ್ನ ರೂಢಿ. ಕೊನೆಯ ಹಾಳೆಯಲ್ಲಿ ಪುಟ್ಟಿ ಅಂತ ಬರೆದು, ಕೆಳಗೆ ಗೆರೆ ಎಳೆದು ಎಡ, ಬಲ ಅಂತ ಎರಡು ಸಾಲು ಮಾಡಿದೆ. ಬಿಲ್ಲಿಗೆ ಹಾಕುವ ಹಾಗೆ ತಾರೀಖೂ ಹಾಕಿದೆ. 2019ರ ಮೇ ತಿಂಗಳು.

ಆ ಬಲಗಾಲಿನ ಮೇಲೆ ಹುಟ್ಟುವಾಗಲೇ ಒಂದು ಮಚ್ಚೆ ಇತ್ತು. ಸೊಂಟದ ಹೊರಬದಿಯಿಂದ ಶುರುವಾಗಿ, ತೊಡೆ ಇಳಿದು, ಮೊಣಕಾಲು ದಾಟಿ, ಮೀನಖಂಡದವರೆಗೆ. ಅಂಚು ನಕಾಶೆಯ ಹಾಗೆ ಡೊಂಕುಡೊಂಕು. ಬಣ್ಣ ಮುರುಗಲು ಸಿಪ್ಪೆ ನೆನೆಸಿದ ನೀರಿನದ್ದು. ಡಾಕ್ಟರುಗಳು ಇದಕ್ಕೆ ಪೋರ್ಟ್ ವೈನ್ ಸ್ಟೇನ್ ಅನ್ನುತ್ತಾರೆ ಅಂತ ಆಮೇಲೆ ಗೊತ್ತಾಯಿತು. ನಮ್ಮ ಮನೆಯಲ್ಲಿ ಆ ವೈನ್ ಕಂಡವರಿಲ್ಲ. ಮುರುಗಲು ಪಾನಕ ಎಲ್ಲರೂ ಕುಡಿದವರೇ.

ಅತ್ತೆಗೆ ಮಚ್ಚೆ ನೋಡಿದ ಕೂಡಲೇ ಕಾರಣ ಹೊಳೆದುಬಿಟ್ಟಿತು. 2018ರ ಜನವರಿ 31ಕ್ಕೆ ಚಂದ್ರಗ್ರಹಣ ಇತ್ತು. ಚಂದ್ರ ಮೇಲೆ ಬರುವಾಗಲೇ ಗ್ರಹಣ ಹಿಡಿಸಿಕೊಂಡು ಬಂದಿದ್ದ. ನನಗೆ ಆಗ ನಾಲ್ಕನೇ ತಿಂಗಳು. ಮರುದಿನ ಒಂದು ಮದುವೆ ಮನೆಗೆ ಆರು ಬ್ಲೌಸ್ ಕೊಡಬೇಕಿತ್ತು. ಅತ್ತೆ ದೇವರ ಕೋಣೆಯಲ್ಲಿ ಜಪಕ್ಕೆ ಕೂತಿದ್ದರು. ನಾನು ಜಗಲಿಯಲ್ಲಿ ಲೈನಿಂಗ್ ಬಟ್ಟೆ ಕತ್ತರಿಸಿದೆ. ಕತ್ತರಿಯ ಸದ್ದು ಒಳಗೆ ಕೇಳದೆ ಇರುತ್ತದೆಯೇ? "ಕತ್ರಿ ಮುಟ್ಟಬೇಡ ಅಂದಿದ್ದೆ ಮಾರಾಯ್ತಿ," ಅಂದರು, ಮಗುವನ್ನು ಮೊದಲ ಸಲ ಎರೆಯುವಾಗ. ಆಮೇಲೆ ಆ ಮಾತು ಎತ್ತಲಿಲ್ಲ. ಜಗಳವಾಡಿದ್ದರೆ ಎದುರು ಮಾತಾಡಬಹುದಿತ್ತು. ಅವರು ಎಣ್ಣೆ ಹಚ್ಚುವಾಗ ಬಲಗಾಲಿನ ಮೇಲೆ ಕೈ ಸ್ವಲ್ಪ ನಿಧಾನ ಮಾಡುತ್ತಿದ್ದರು. ಅದಕ್ಕೆ ಏನು ಉತ್ತರ ಕೊಡುವುದು?

ಮೂರು ತಿಂಗಳಾದಾಗ ಒಬ್ಬ ಡಾಕ್ಟರಿಗೆ ತೋರಿಸಿದೆವು. ನೋಡಿದ್ದು ಎರಡು ನಿಮಿಷ. "ಹಿಮ್ಯಾಂಜಿಯೋಮ. ಔಷಧಿ ಕೊಟ್ಟರೆ ಕರಗುತ್ತೆ," ಅಂದರು. ಪ್ರೊಪ್ರನೊಲಾಲ್ ಬರೆದುಕೊಟ್ಟರು. ಮಗುವಿಗೆ ಹಾಲು ಕೊಡದೆ ಇದನ್ನು ಕೊಡಬಾರದು, ಸಕ್ಕರೆ ಅಂಶ ಇಳಿದುಬಿಡುತ್ತದೆ ಅಂತ ಎಚ್ಚರಿಕೆ ಹೇಳಿದರು. ಎಂಟು ತಿಂಗಳು ಕೊಟ್ಟೆವು. ರಾತ್ರಿ ಎಬ್ಬಿಸಿ ಹಾಲು ಕುಡಿಸಿ ಔಷಧಿ ಹಾಕುವುದು. ಅವಳ ಅಂಗೈ ತಣ್ಣಗಾಯಿತೇ ಅಂತ ಪದೇ ಪದೇ ಮುಟ್ಟಿ ನೋಡುವುದು. ಮಚ್ಚೆ ಒಂದು ಚೂರೂ ಕದಲಲಿಲ್ಲ.

ಈಗ ತಿಳಿದಿದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಹಿಮ್ಯಾಂಜಿಯೋಮ ಅನ್ನುವುದು ರಕ್ತನಾಳದ ಗೆಡ್ಡೆ, ಮಕ್ಕಳಲ್ಲಿ ಬಹಳ ಸಾಮಾನ್ಯ. ಅದು ಹುಟ್ಟುವಾಗ ಇರುವುದೇ ಇಲ್ಲ, ಅಥವಾ ಬರೀ ಒಂದು ಮಸುಕು ಗುರುತು ಇರುತ್ತದೆ. ಮೊದಲ ಕೆಲವು ವಾರಗಳಲ್ಲಿ ಕಾಣಿಸಿಕೊಂಡು ಸರಸರ ಬೆಳೆಯುತ್ತದೆ. ಒಂದು ವರ್ಷದ ಮೇಲೆ ತಾನಾಗಿಯೇ ಸಣ್ಣದಾಗುತ್ತಾ ಹೋಗುತ್ತದೆ. ಅದಕ್ಕೆ ಪ್ರೊಪ್ರನೊಲಾಲ್ ನಿಜಕ್ಕೂ ಒಳ್ಳೆಯ ಔಷಧಿ. 2008ರಲ್ಲಿ ಫ್ರಾನ್ಸಿನ ಡಾಕ್ಟರುಗಳು, ಹೃದಯಕ್ಕೆ ಅಂತ ಕೊಟ್ಟಾಗ ಮಗುವಿನ ಗೆಡ್ಡೆಯೂ ಕುಗ್ಗಿದ್ದನ್ನು ಕಂಡು ಹೊರಗೆ ಹೇಳಿದ್ದು. ಆದರೆ ರಕ್ತನಾಳಗಳೇ ತಪ್ಪಾಗಿ ರೂಪುಗೊಂಡಿದ್ದರೆ ಅದು ಬೇರೆ ವಿಷಯ. ಅದಕ್ಕೆ ಮಾಲ್ಫಾರ್ಮೇಶನ್ ಅನ್ನುತ್ತಾರೆ. ಅದು ಹುಟ್ಟಿನಿಂದ ಇರುತ್ತದೆ, ಮಗುವಿನ ಜೊತೆಗೇ ಬೆಳೆಯುತ್ತದೆ, ಕರಗುವುದಿಲ್ಲ. ಇವೆರಡೂ ಬೇರೆ ಬೇರೆ ಅಂತ 1982ರಲ್ಲೇ ಅಮೆರಿಕದ ಮಲ್ಲಿಕೆನ್, ಗ್ಲೊವಾಕಿ ಅನ್ನುವ ಇಬ್ಬರು ಬರೆದಿಟ್ಟಿದ್ದಾರೆ. "ಇದು ಹುಟ್ಟುವಾಗಲೇ ಇತ್ತಾ, ಆಮೇಲೆ ಬಂತಾ?" ಇಷ್ಟು ಕೇಳಿದ್ದರೆ ನಮ್ಮ ಎಂಟು ತಿಂಗಳು ಉಳಿಯುತ್ತಿತ್ತು. ಆ ಪ್ರಶ್ನೆ ಯಾರಾದರೂ ಕೇಳುವಷ್ಟರಲ್ಲಿ ಪುಟ್ಟಿಗೆ ನಾಲ್ಕೂವರೆ ವರ್ಷ ಆಗಿತ್ತು.

ಇನ್ನೊಂದು ಸುಳಿವೂ ಆಗಲೇ ಸಿಕ್ಕಿತ್ತು. ಮೂರೂವರೆ ತಿಂಗಳ ಲಸಿಕೆಯನ್ನು ಬಲತೊಡೆಗೆ ಕೊಟ್ಟಿದ್ದರು. ಅಲ್ಲಿ ನೇರಳೆ ಹಣ್ಣು ಜಜ್ಜಿದ ಹಾಗೆ ಕಪ್ಪಾಗಿ, ಎರಡು ವಾರ ಹಾಗೇ ಇತ್ತು. ಕೆಲವು ಮಕ್ಕಳಿಗೆ ಹಾಗೆ ಆಗುತ್ತದೆ ಅಂತ ನಾವೇ ಸಮಾಧಾನ ಮಾಡಿಕೊಂಡೆವು.

2020 ಬಂತು, ಲಾಕ್‌ಡೌನ್ ಬಂತು. ಆಸ್ಪತ್ರೆ ಅಂದರೆ ಎಲ್ಲರೂ ಹೆದರುತ್ತಿದ್ದ ಕಾಲ. ನಾನು ಮಾಸ್ಕ್ ಹೊಲಿದೆ. ಪುಟ್ಟಿ ನಡೆಯಲು ಕಲಿತಳು, ಓಡಲು ಕಲಿತಳು. ನಾನು ಹೊಸ ಚಡ್ಡಿ ಹೊಲಿದಾಗಲೆಲ್ಲ ಹಿಂದಿನ ಹಾಳೆಯಲ್ಲಿ ಅಳತೆ ಬರೆದೆ. ಎರಡು ಸಾಲಿನ ನಡುವಿನ ವ್ಯತ್ಯಾಸ ಮುಕ್ಕಾಲು ಇಂಚು ಇದ್ದದ್ದು ಒಂದಾಯಿತು, ಒಂದೂಕಾಲಾಯಿತು. ಒಂದು ದಿನ ಪೈಜಾಮದ ಅಂಚು ಮಡಚುವಾಗ ನೋಡಿದರೆ ಬಲಗಾಲಿಗೆ ಉದ್ದವೂ ಸಾಲುತ್ತಿಲ್ಲ. ಅಂದರೆ ಕಾಲು ಬರೀ ದಪ್ಪವಾಗುತ್ತಿಲ್ಲ, ಉದ್ದವೂ ಆಗುತ್ತಿದೆ.

ಮೂರು ವರ್ಷಕ್ಕೆ ಕಾಲು ದಪ್ಪವಿರುವುದು ಎಲ್ಲರಿಗೂ ಕಾಣಲು ಶುರುವಾಯಿತು. ಬೀದಿಯಲ್ಲಿ ಒಬ್ಬರು "ಆನೆಕಾಲು ಅಲ್ದಾ ಅದು?" ಅಂದೇಬಿಟ್ಟರು. ನಮ್ಮ ಕರಾವಳಿಗೆ ಆನೆಕಾಲು ರೋಗ ಹೊಸದಲ್ಲ. ಡಿಇಸಿ ಮಾತ್ರೆ ಹಂಚುವವರು, ರಾತ್ರಿ ಮನೆಮನೆಗೆ ಬಂದು ಬೆರಳು ಚುಚ್ಚಿ ರಕ್ತ ತೆಗೆದುಕೊಂಡು ಹೋಗುವವರು, ಎಲ್ಲ ನೋಡಿದವರೇ ನಾವು. ರಾತ್ರಿ ಯಾಕೆ ಅಂದರೆ, ಆ ಹುಳದ ಮರಿಗಳು ರಕ್ತದಲ್ಲಿ ತೇಲಿ ಬರುವುದೇ ರಾತ್ರಿ ಹೊತ್ತು. ಒಬ್ಬ ಡಾಕ್ಟರ್ ಇವಳಿಗೂ ಅದೇ ಪರೀಕ್ಷೆ ಹೇಳಿದರು. ರಾತ್ರಿ ಹತ್ತೂವರೆಗೆ ನಿದ್ದೆಗಣ್ಣಿನ ಮಗುವನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆವು. ಏನೂ ಸಿಗಲಿಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಹೋದೆವು. ಮತ್ತೂ ಏನೂ ಇಲ್ಲ. ಆದರೂ "ಒಂದು ಕೋರ್ಸ್ ಮಾತ್ರೆ ಹಾಕಿ ನೋಡೋಣ" ಅಂದರು. ಹಾಕಿದೆವು. ಆನೆಕಾಲಿನ ಬಾವು ವರ್ಷಗಟ್ಟಲೆ ಸೊಳ್ಳೆ ಕಚ್ಚಿಸಿಕೊಂಡ ಮೇಲೆ ಬರುವಂಥದ್ದು. ಹುಟ್ಟುವಾಗಲೇ ಮಚ್ಚೆ ಹೊತ್ತು ಬಂದ ಕಾಲಿಗೆ ಅದನ್ನು ಯಾಕೆ ಅಂಟಿಸಿದರೋ!

ಆಮೇಲೆ ಮೂಳೆ ಡಾಕ್ಟರು. ಅವರು ಮಚ್ಚೆ ನೋಡಲಿಲ್ಲ, ಎಕ್ಸ್‌ರೇ ನೋಡಿದರು. "ಮೂಳೆ ಚೆನ್ನಾಗಿದೆ, ಚಪ್ಪಲಿಗೆ ಹೀಲ್ ಹಾಕಿಸಿ" ಅಂದರು. ಮತ್ತೊಬ್ಬರು ಜೀನ್ ಪರೀಕ್ಷೆ ಮಾಡಿಸಿ ಅಂದರು. ನನ್ನ ಎರಡು ಬಳೆ ಸೊಸೈಟಿಯಲ್ಲಿ ಇಟ್ಟು ಇಪ್ಪತ್ತೆರಡು ಸಾವಿರ ಕಟ್ಟಿದೆವು. ರಕ್ತ ತೆಗೆದು ಕಳಿಸಿದರು. ಒಂದೂವರೆ ತಿಂಗಳಿಗೆ ಹನ್ನೊಂದು ಪುಟದ ರಿಪೋರ್ಟ್ ಬಂತು. ಏನೂ ಸಿಕ್ಕಿಲ್ಲ. "ಜೀನಲ್ಲಿ ಏನೂ ತೊಂದರೆ ಇಲ್ವಂತೆ" ಅಂತ ನಮ್ಮವರು ಅತ್ತೆಗೆ ಹೇಳಿದರು. ಅತ್ತೆ ನನ್ನ ಕಡೆ ನೋಡಿದರು. ಜೀನ್ ಅಲ್ಲದಿದ್ದರೆ ಉಳಿದದ್ದು ಕತ್ತರಿಯೇ ತಾನೆ.

2022ರ ಮಳೆಗಾಲದಲ್ಲಿ ವಿಷಯ ಬೇರೆ ದಾರಿ ಹಿಡಿಯಿತು. ಒಂದು ಬೆಳಿಗ್ಗೆ ಪುಟ್ಟಿಯ ಹಾಸಿಗೆ ಬಟ್ಟೆಯ ಮೇಲೆ ರೂಪಾಯಿ ಅಗಲದ ಕಲೆ. ಮೂತ್ರ ಅಲ್ಲ, ವಾಸನೆ ಇಲ್ಲ. ಒಣಗಿದ ಜಾಗ ಗಂಜಿ ಹಾಕಿದ ಬಟ್ಟೆಯ ಹಾಗೆ ಗಟ್ಟಿ. ಅವಳ ತೊಡೆಯ ಹಿಂಬದಿ ನೋಡಿದೆ. ಮಚ್ಚೆಯ ಮೇಲೆ ಬೆಂದ ಸಾಬಕ್ಕಿ ಚೆಲ್ಲಿದ ಹಾಗೆ ಪುಟ್ಟ ಪುಟ್ಟ ಗುಳ್ಳೆ. ಕೆಲವು ತಿಳಿ, ಕೆಲವು ಕೆಂಪು. ಒಂದು ಒಡೆದು ನೀರು ಜಿನುಗುತ್ತಿತ್ತು. ಅರಿವೆಯಲ್ಲಿ ಒರೆಸಿದರೆ ಮತ್ತೆ ಜಿನುಗುತ್ತದೆ. ಬೊಬ್ಬೆ ಇರಬೇಕು ಅಂದುಕೊಂಡು ಅರಿಶಿನ ಹಚ್ಚಿದೆ. ನಾಲ್ಕು ದಿನಕ್ಕೆ ಕಾಲು ಕೆಂಪಾಗಿ ಬಿಸಿಯೇರಿತು, 103 ಡಿಗ್ರಿ ಜ್ವರ. ಐದು ದಿನ ಆಸ್ಪತ್ರೆಯಲ್ಲಿಟ್ಟು ಡ್ರಿಪ್‌ನಲ್ಲಿ ಆಂಟಿಬಯಾಟಿಕ್ ಕೊಟ್ಟರು. ಅಲ್ಲಿ ರೌಂಡ್ಸಿಗೆ ಬರುತ್ತಿದ್ದ ಒಬ್ಬ ಕಿರಿಯ ಡಾಕ್ಟರ್, ಇನ್ನೂ ಓದುತ್ತಿದ್ದ ಹುಡುಗ, ಗುಳ್ಳೆಗಳ ಹತ್ತಿರ ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದ. "ಅಕ್ಕಾ, ಇದು ರಕ್ತನಾಳ ಒಂದೇ ಅಲ್ಲ ಅನಿಸ್ತದೆ. ಲಿಂಫ್ ಕೂಡ ಇದೆ, ಮೈಯೊಳಗೆ ತನ್ನದೇ ನಾಳದಲ್ಲಿ ಹರಿಯುವ ತಿಳಿ ನೀರು. ಬೆಂಗಳೂರಲ್ಲಿ ಇಂಥದ್ದನ್ನೇ ನೋಡುವ ಕ್ಲಿನಿಕ್ ಇದೆ. ಬರೆದುಕೊಡ್ಲಾ?" ಅಂದ. ನಾಲ್ಕು ವರ್ಷದಲ್ಲಿ 'ಗೊತ್ತಿಲ್ಲ, ಗೊತ್ತಿರುವವರ ಹತ್ತಿರ ಕಳಿಸ್ತೀನಿ' ಅನ್ನುವ ಅರ್ಥದಲ್ಲಿ ಮಾತಾಡಿದ ಮೊದಲನೆಯವನು ಅವನೇ.

ನಮ್ಮ ಉತ್ತರ ಕನ್ನಡದವರಿಗೆ ದೊಡ್ಡ ಕಾಯಿಲೆ ಅಂದರೆ ದೊಡ್ಡ ಪ್ರಯಾಣ. ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಆ ವರ್ಷವೇ ಜೋರು ಕೂಗೆದ್ದಿತ್ತು. 2023ರ ಜನವರಿಯಲ್ಲಿ ನಾವು ಸಂಜೆಯ ಪಂಚಗಂಗಾ ರೈಲು ಹತ್ತಿದೆವು. ನಮ್ಮವರು ಬಸ್ ಕಂಡಕ್ಟರ್, ರಜೆ ಹೊಂದಿಸಿಕೊಂಡು ಬಂದಿದ್ದರು. ಹಳೆಯ ಫೈಲು, ಎಕ್ಸ್‌ರೇ, ಹನ್ನೊಂದು ಪುಟದ ರಿಪೋರ್ಟು ಎಲ್ಲ ಒಂದು ಬಟ್ಟೆ ಚೀಲದಲ್ಲಿ. ಹೊರಡುವಾಗ ಯಾಕೋ ಅಳತೆ ಪುಸ್ತಕವನ್ನೂ ಹಾಕಿಕೊಂಡೆ. ಗಿರಾಕಿಗಳ ಅಳತೆಯೆಲ್ಲ ಅದರಲ್ಲೇ ಇದೆ, ಮೂರು ದಿನ ಅಂಗಡಿ ಬಂದ್ ಅಂದುಕೊಂಡೇ ಹಾಕಿದ್ದು.

ಆ ಕ್ಲಿನಿಕ್ಕಿನಲ್ಲಿ ಒಂದೇ ಕೋಣೆಯಲ್ಲಿ ಮೂವರು ಡಾಕ್ಟರಿದ್ದರು. ಮಕ್ಕಳ ಸರ್ಜನ್ ಒಬ್ಬರು, ಚರ್ಮದವರು ಒಬ್ಬರು, ಸ್ಕ್ಯಾನಿಂಗಿನವರು ಒಬ್ಬರು. ಸರ್ಜನ್ ಹೆಂಗಸು, ಐವತ್ತರ ಮೇಲಿನವರು. ಫೈಲು ಮುಟ್ಟಲಿಲ್ಲ. "ಬಟ್ಟೆ ತೆಗೆದು ಚಡ್ಡಿಯಲ್ಲಿ ನಿಲ್ಲಿಸಿಮ್ಮಾ," ಅಂದರು. ಪುಟ್ಟಿಯನ್ನು ಗೋಡೆಯ ಹತ್ತಿರ ಬರಿ ನೆಲದ ಮೇಲೆ ನಿಲ್ಲಿಸಿದೆ. ಅವರು ಕುರ್ಚಿಯಿಂದ ಇಳಿದು ನೆಲದ ಮೇಲೆಯೇ ಕೂತರು. ಕಣ್ಣು ಮಗುವಿನ ಮೊಣಕಾಲಿನ ಮಟ್ಟಕ್ಕೆ ಬಂತು. ಹಾಗೇ ಕೂತು ಸುಮ್ನೆ ನೋಡಿದರು. ಎರಡು ಕಾಲನ್ನೂ ಒಟ್ಟಿಗೆ. ಅಷ್ಟು ವರ್ಷ ಎಲ್ಲರೂ ಮಲಗಿಸಿ ಬಲಗಾಲನ್ನು ಮಾತ್ರ ನೋಡಿದ್ದರು.

"ಹುಟ್ಟುವಾಗಲೇ ಇತ್ತಾ, ಆಮೇಲೆ ಬಂತಾ?"

ಹುಟ್ಟುವಾಗಲೇ ಇತ್ತು ಅಂದೆ.

ಎಡಪಾದದ ಕೆಳಗೆ ತೆಳ್ಳಗಿನ ಮರದ ಹಲಗೆಗಳನ್ನು ಒಂದೊಂದಾಗಿ ಇಡುತ್ತಾ ಹೋದರು. ಸೊಂಟ ಎರಡೂ ಬದಿ ಸಮ ಆಗುವವರೆಗೆ. ಹಲಗೆ ಎಣಿಸಿ ಬರೆದುಕೊಂಡರು. ಅಂಗೈ ಹಿಂಬದಿಯಿಂದ ಎರಡೂ ಕಾಲು ಮುಟ್ಟಿ ಬಿಸಿ ನೋಡಿದರು. ಸ್ಟೆತಸ್ಕೋಪ್ ಇಟ್ಟು ಗುಂಯ್ ಅನ್ನುವ ಸದ್ದು ಇದೆಯೇ ಅಂತ ಕೇಳಿದರು. ಇರಲಿಲ್ಲ. ಆಮೇಲೆ ನನ್ನನ್ನು ಕರೆದು ತೋರಿಸಿದರು. ಕಾಲಿನ ಹೊರಬದಿಯಲ್ಲಿ, ಹಿಮ್ಮಡಿಯ ಗಂಟಿನಿಂದ ತೊಡೆಯವರೆಗೆ, ಚರ್ಮದ ಕೆಳಗೆ ಒಂದು ನೀಲಿ ವೇನ್, ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ. ಮಗು ನಿಂತಿದ್ದಷ್ಟು ಹೊತ್ತು ಅದು ತುಂಬಿಕೊಳ್ಳುತ್ತಾ ದಪ್ಪ ಆಗುತ್ತಿತ್ತು. "ಇದು ಹೊಟ್ಟೆಯೊಳಗೆ ಮಗು ಬಹಳ ಸಣ್ಣದಿದ್ದಾಗ ಇರೋ ವೇನ್. ಹುಟ್ಟೋಷ್ಟರಲ್ಲಿ ಹೋಗಿರಬೇಕು. ಇವಳದ್ದು ಉಳಿದಿದೆ," ಅಂದರು. ಆ ನೀಲಿ ಗೆರೆಯನ್ನು ನಾನು ದಿನಾ ನೋಡಿದ್ದೆ. ಮಲಗಿದಾಗ ಕಾಣುತ್ತಲೇ ಇರಲಿಲ್ಲ.

"ಕಾಲು ಯಾವಾಗಿಂದ ದಪ್ಪ ಆಗ್ತಿದೆ, ಎಷ್ಟೆಷ್ಟು ಆಗಿದೆ, ಏನಾದ್ರೂ ಲೆಕ್ಕ ಇದೆಯಾ?" ಅಂತ ಕೇಳಿದರು. ನಾನು ಅಳತೆ ಪುಸ್ತಕ ತೆಗೆದೆ. ನಾಚಿಕೆ ಆಯಿತು, ಹಿಂದಿನ ರಟ್ಟಿನ ಮೇಲೆ ಎಣ್ಣೆ ಕಲೆ ಬೇರೆ. ಅವರು ಕೊನೆಯ ಹಾಳೆ ತೆರೆದು, ಸ್ಕ್ಯಾನಿಂಗಿನ ಡಾಕ್ಟರನ್ನು ಕರೆದರು. ಮೂವರೂ ಪುಸ್ತಕದ ಮೇಲೆ ಬಗ್ಗಿದರು. ಮೂರೂವರೆ ವರ್ಷದಲ್ಲಿ ಹದಿನೇಳು ಸಲ ಅಳೆದಿದ್ದೆ. ಎಲ್ಲಿ ಟೇಪ್ ಹಿಡಿದೆ ಅಂತ ಕೇಳಿದರು. ಮೊಣಕಾಲ ಚಿಪ್ಪಿನಿಂದ ನಾಲ್ಕು ಬೆರಳು ಮೇಲೆ, ನಾಲ್ಕು ಬೆರಳು ಕೆಳಗೆ ಅಂದೆ. ಒಂದೇ ಜಾಗ ಹಿಡಿಯದಿದ್ದರೆ ಅಳತೆ ಹಿಡಿದು ಏನು ಪ್ರಯೋಜನ! "ಫೋಟೋ ತಗೊಳ್ಳಲಾ?" ಅಂದರು. ಒಂದು ಪುಟದಲ್ಲಿ ಪುಟ್ಟಿಯ ಮೀನಖಂಡ, ಎದುರು ಪುಟದಲ್ಲಿ ನಮ್ಮ ನಾದಿನಿಯ ಬ್ಲೌಸಿನ ತೋಳು. ಅದೂ ಫೋಟೋದಲ್ಲಿ ಬಂದಿರಬೇಕು.

ಮೊದಲು ಡಾಪ್ಲರ್ ಮಾಡಿದರು, ರಕ್ತ ಹರಿಯುವ ಸದ್ದು ಕೇಳಿಸುವ ಸ್ಕ್ಯಾನ್. ಕೋಣೆ ಕತ್ತಲು, ಹೊಟ್ಟೆ ಸ್ಕ್ಯಾನಿಂಗಿನ ಹಾಗೆ ತಣ್ಣನೆ ಜೆಲ್ಲಿ. ಎಡಗಾಲಿನ ಮೇಲೆ ಇಟ್ಟಾಗ ಟಕ್ ಟಕ್ ಅಂತ ಜೋರು ಬಡಿತ. ಬಲಗಾಲಿನ ಉಬ್ಬಿದ ಜಾಗದ ಮೇಲೆ ಇಟ್ಟಾಗ ಏನೂ ಇಲ್ಲ. ಮೀನಖಂಡವನ್ನು ಒತ್ತಿ ಬಿಟ್ಟಾಗ ಮಾತ್ರ ನಿಧಾನಕ್ಕೆ ಶೂ ಅನ್ನುವ ಸದ್ದು. "ಸ್ಲೋ ಫ್ಲೋ," ಅಂದರು ಡಾಕ್ಟರ್. ರಕ್ತ ಜೋರಾಗಿ ನುಗ್ಗುವ ಜಾತಿಯದ್ದಾದರೆ ಅದಕ್ಕೆ ಬೇರೆ ಹೆಸರು, ಬೇರೆ ದಾರಿ, ಹೃದಯಕ್ಕೂ ಭಾರ ಬೀಳಬಹುದಂತೆ. ಅದಲ್ಲ ಅಂತ ಗೊತ್ತಾಗಿದ್ದು ಆ ಸದ್ದಿನಿಂದ.

ಎಂಆರ್‌ಐಗೆ ಮಗುವಿಗೆ ಮತ್ತು ಬರುವ ಔಷಧಿ ಕೊಡಬೇಕಿತ್ತು, ಅಲುಗಾಡದೆ ಮಲಗಬೇಕಲ್ಲ. ರಾತ್ರಿಯಿಂದ ಊಟ ಇಲ್ಲ. ಬೆಳಿಗ್ಗೆ ಪಕ್ಕದ ಹಾಸಿಗೆಯ ಮಗು ಇಡ್ಲಿ ತಿನ್ನುವುದನ್ನು ನೋಡಿ ಪುಟ್ಟಿ ಅತ್ತ ಅಳು ಇಡೀ ವಾರ್ಡಿಗೆ ಕೇಳಿತು. ಸೂಜಿ ಕೈಗೆ ಹಾಕಿದರು. ಬಲಗಾಲಿಗೆ ಇನ್ನು ಮುಂದೆ ಯಾರೂ ಸೂಜಿ ಚುಚ್ಚದಂತೆ ನೋಡಿಕೊಳ್ಳಿ ಅಂತ ಆಗಲೇ ಹೇಳಿದ್ದು. ಲಸಿಕೆಯ ಆ ಕಪ್ಪು ಕಲೆ ನೆನಪಾಯಿತು.

ಸಂಜೆ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ಎಡಗಾಲು ಕಪ್ಪಗೆ, ಅಚ್ಚುಕಟ್ಟಾಗಿ ಇತ್ತು. ಬಲಗಾಲಿನ ಚರ್ಮದ ಕೆಳಗೆ, ಕೊಬ್ಬಿನಲ್ಲಿ, ಕೆಲವು ಕಡೆ ಸ್ನಾಯುವಿನ ಒಳಗೂ, ಬಿಳೀ ಬಿಳೀ ಕೊಳ. ನಿಂತ ದ್ರವ ಆ ಚಿತ್ರದಲ್ಲಿ ಬಿಳಿಯಾಗಿ ಹೊಳೆಯುತ್ತದಂತೆ. ಬಣ್ಣದ ಔಷಧಿ ಬಿಟ್ಟ ಮೇಲೆ ಕೆಲವು ಕೊಳ ತುಂಬಿಕೊಂಡವು, ಅವು ವೇನ್. ತುಂಬದೆ ಅಂಚು ಮಾತ್ರ ಹೊಳೆದದ್ದು ಲಿಂಫ್. ಡಾಕ್ಟರ್ ಅಷ್ಟರಲ್ಲಿ ಸೊಂಟದ ಭಾಗದ ಚಿತ್ರಗಳನ್ನು ಒಂದೊಂದೇ ಸರಿಸುತ್ತಿದ್ದರು. ಮಾತಿಲ್ಲ. ಕೊನೆಗೆ, "ಒಳಗೆ ಹೋಗಿಲ್ಲ," ಅಂದರು. ಕರುಳು, ಮೂತ್ರಕೋಶದ ಸುತ್ತ ಇದ್ದಿದ್ದರೆ ರಕ್ತ ಹೋಗುವ ತೊಂದರೆ ಇರುತ್ತಿತ್ತಂತೆ. ಅವರು ಕುರ್ಚಿಗೆ ಒರಗಿದ್ದು ಆಗ. ನಾನೂ.

ಹೆಸರನ್ನು ಒಂದು ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟರು. ಕ್ಲಿಪ್ಪೆಲ್-ಟ್ರೆನೋನೇ ಸಿಂಡ್ರೋಮ್. 1900ರಲ್ಲಿ ಪ್ಯಾರಿಸಿನ ಇಬ್ಬರು ಡಾಕ್ಟರುಗಳು ಬರೆದಿಟ್ಟದ್ದು, ಅವರದ್ದೇ ಹೆಸರು. ಮೂರು ಗುರುತು: ಚರ್ಮದ ಮೇಲಿನ ಆ ಕೆಂಪು ಮಚ್ಚೆ, ಉಬ್ಬಿದ ತಪ್ಪು ವೇನ್‌ಗಳು, ದಪ್ಪವೋ ಉದ್ದವೋ ಆದ ಕೈ ಅಥವಾ ಕಾಲು. ಬಹಳ ಮಕ್ಕಳಲ್ಲಿ ಲಿಂಫ್ ನಾಳಗಳೂ ಸೇರಿರುತ್ತವೆ. ಕೇಳುತ್ತಾ ಕೇಳುತ್ತಾ ನನಗೆ ಒಬ್ಬೊಬ್ಬ ಡಾಕ್ಟರ್ ನೆನಪಾದರು. ಮಚ್ಚೆ ನೋಡಿದವರೊಬ್ಬರು, ಬಾವು ನೋಡಿದವರೊಬ್ಬರು, ಉದ್ದ ನೋಡಿದವರೊಬ್ಬರು. ತೋಳು ಒಬ್ಬರಿಗೆ, ಬೆನ್ನು ಒಬ್ಬರಿಗೆ, ಕೊರಳು ಒಬ್ಬರಿಗೆ ಹೊಲಿಯಲು ಕೊಟ್ಟ ಬ್ಲೌಸಿನ ಹಾಗೆ. ಯಾರೂ ಜೋಡಿಸಿ ನೋಡಿರಲಿಲ್ಲ.

ನಮ್ಮವರು ವಾಪಸ್ ಬರುವಾಗ ರೈಲಿನಲ್ಲಿ ಆ ಹೆಸರನ್ನು ಬಾಯಿಪಾಠ ಮಾಡಿದರು. ಸ್ಟಾಪಿನ ಹೆಸರು ಕೂಗುವ ಹಾಗೆ. ಫೋನಿನಲ್ಲಿ ಹುಡುಕಬೇಡಿ ಅಂತ ಡಾಕ್ಟರ್ ಹೇಳಿದ್ದರು. ಹುಡುಕಿದೆವು. ಹಾಸನ ಬರುವಷ್ಟರಲ್ಲಿ ಫೋನ್ ಮುಚ್ಚಿಟ್ಟೆವು. ಅಲ್ಲಿ ಹಾಕಿರುವ ಫೋಟೋಗಳೆಲ್ಲ ಅತಿ ಜೋರು ಇರುವವರದ್ದು.

ರಕ್ತದಲ್ಲಿ ಡಿ-ಡೈಮರ್ ಅನ್ನುವ ಒಂದು ಪರೀಕ್ಷೆಯೂ ಆಯಿತು. 500ರ ಒಳಗೆ ಇರಬೇಕಾದದ್ದು ಇವಳಿಗೆ 1,800ರ ಮೇಲೆ. ಅಗಲವಾದ ವೇನ್‌ಗಳಲ್ಲಿ ರಕ್ತ ನಿಧಾನವಾಗಿ, ಸಣ್ಣಸಣ್ಣದಾಗಿ ಹೆಪ್ಪುಗಟ್ಟುತ್ತಾ ಕರಗುತ್ತಾ ಇರುತ್ತದಂತೆ. ಕಾಲು ನೋವು ಅಂತ ಅವಳು ರಾತ್ರಿ ಏಳುತ್ತಿದ್ದದ್ದು ಸುಳ್ಳಲ್ಲ ಅಂತಾಯಿತು. ಶಾಲೆ ತಪ್ಪಿಸಲು ನೆಪ ಅಂತ ಒಂದೆರಡು ಸಲ ಬೈದಿದ್ದೆ.

ಜೀನ್ ವಿಷಯ ಬಾಕಿ ಇತ್ತು. ಹನ್ನೊಂದು ಪುಟದ ರಿಪೋರ್ಟ್ ತೋರಿಸಿದೆ. ಡಾಕ್ಟರ್ ತಲೆ ಆಡಿಸಿದರು. "ರಕ್ತದಲ್ಲಿ ಹುಡುಕಿದ್ರೆ ಸಿಗಲ್ಲ ಇದು. ಕಾಲಿನಲ್ಲಿ ಹುಡುಕಬೇಕು." ಮಗು ಗರ್ಭದಲ್ಲಿ ಇನ್ನೂ ಕೆಲವೇ ಜೀವಕೋಶ ಇರುವಾಗ, ಒಂದು ಕೋಶದಲ್ಲಿ ಒಂದು ಅಕ್ಷರ ತಪ್ಪುತ್ತದೆ. ಆ ಕೋಶದಿಂದ ಬೆಳೆದ ಭಾಗಕ್ಕೆ ಮಾತ್ರ ತಪ್ಪು ಹೋಗುತ್ತದೆ. ಉಳಿದ ಮೈಗೆ ಇಲ್ಲ. ನನಗೆ ತಕ್ಷಣ ಅರ್ಥವಾಯಿತು. ಥಾನಿನ ನಡುವೆ ನಾಲ್ಕು ಮೀಟರ್ ನೇಯ್ಗೆ ತಪ್ಪಿರುತ್ತದೆ ಅಂದುಕೊಳ್ಳಿ. ತುದಿಯಿಂದ ಒಂದು ತುಂಡು ಕತ್ತರಿಸಿ ನೋಡಿದರೆ ಬಟ್ಟೆ ಸರಿಯಾಗಿಯೇ ಇರುತ್ತದೆ.

ಮಚ್ಚೆಯ ಜಾಗದಿಂದ 4 ಮಿಲಿಮೀಟರಿನಷ್ಟು ಚರ್ಮ ತೆಗೆದು ಕಳಿಸಿದರು. ಏಳು ವಾರಕ್ಕೆ ಉತ್ತರ ಬಂತು. ಪಿಐಕೆ3ಸಿಎ ಅನ್ನುವ ಜೀನಿನಲ್ಲಿ ಬದಲಾವಣೆ, ಅದೂ ಆ ತುಂಡಿನಲ್ಲಿ ನೂರಕ್ಕೆ ಆರು ಪಾಲು ಮಾತ್ರ. ಕೋಶಗಳಿಗೆ ಬೆಳೆ ಅಂತ ಹೇಳುವ ಸ್ವಿಚ್ಚು ಆ ಜೀನ್. ಇವಳ ಕಾಲಿನಲ್ಲಿ ಅದು ಆರದೆ ಉರಿಯುತ್ತಲೇ ಇದೆ. ಈ ಕಾಯಿಲೆಗೂ ಆ ಜೀನಿಗೂ ನಂಟಿದೆ ಅಂತ 2015ರಲ್ಲಿ ಗೊತ್ತಾಗಿದ್ದಂತೆ. ನಮ್ಮಿಬ್ಬರಿಂದ ಬಂದದ್ದಲ್ಲ. ಇವಳಿಂದ ಮುಂದೆ ಮಕ್ಕಳಿಗೆ ಹೋಗುವಂಥದ್ದೂ ಅಲ್ಲ.

ಆಗ ಕೇಳಿಯೇಬಿಟ್ಟೆ. ನಮ್ಮವರು ಔಷಧಿ ತರಲು ಹೊರಗೆ ಹೋಗಿದ್ದರು. "ಮೇಡಂ, ನಾಲ್ಕನೇ ತಿಂಗಳಲ್ಲಿ ಗ್ರಹಣದ ದಿನ ಕತ್ತರಿ ಹಿಡಿದಿದ್ದೆ." ಅವರು ನಗಲಿಲ್ಲ. ನಕ್ಕಿದ್ದರೆ ನನಗೆ ಬೇಜಾರಾಗುತ್ತಿತ್ತು. "ಗ್ರಹಣ ಯಾವತ್ತು? ಮಗು ಹುಟ್ಟಿದ್ದು ಯಾವತ್ತು?" ಅಂತ ಕೇಳಿ ಬೆರಳು ಎಣಿಸಿದರು. "ಕಾಲಿನ ರಕ್ತನಾಳದ ನಕ್ಷೆ ಮೊದಲೆರಡು ತಿಂಗಳಲ್ಲೇ ಮುಗಿದಿರುತ್ತಮ್ಮಾ. ನೀವು ಕತ್ತರಿ ಹಿಡಿಯೋಷ್ಟರಲ್ಲಿ ಇದು ಆಗಿಹೋಗಿತ್ತು. ನಿಮಗೆ ಬಸಿರು ಅಂತ ಗೊತ್ತಾಗೋಕೂ ಮೊದಲೇ ಆ ಅಕ್ಷರ ತಪ್ಪಿತ್ತು ಅಂದ್ಕೊಳ್ಳಿ."

ಮನೆಗೆ ಬಂದು ಅತ್ತೆಗೆ ಇದನ್ನೆಲ್ಲ ಹೇಳಿದೆ. ಥಾನಿನ ಉದಾಹರಣೆಯನ್ನೂ ಕೊಟ್ಟೆ. ಪೂರ್ತಿ ಕೇಳಿಸಿಕೊಂಡರು. "ಹೌದನೆ," ಅಂದು ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿದರು. ನಂಬಿದರೋ ಬಿಟ್ಟರೋ ಗೊತ್ತಿಲ್ಲ. ಆದರೆ ಎಣ್ಣೆ ಹಚ್ಚುವಾಗ ಜೋರಾಗಿ ತಿಕ್ಕಬೇಡಿ, ಗುಳ್ಳೆ ಒಡೆಯುತ್ತದೆ ಅಂತ ಡಾಕ್ಟರ್ ಹೇಳಿದ್ದನ್ನು ಇವತ್ತಿಗೂ ತಪ್ಪದೆ ಪಾಲಿಸುತ್ತಾರೆ.

ಚಿಕಿತ್ಸೆಯ ಕತೆ ಬೇರೆ, ಉದ್ದ ಇದೆ. ಚುಟುಕಾಗಿ ಹೇಳುವುದಾದರೆ, ಕರಗುವ ಕಾಯಿಲೆ ಅಲ್ಲ, ನೋಡಿಕೊಳ್ಳುವ ಕಾಯಿಲೆ. ಹಗಲು ಬಿಗಿ ಸ್ಟಾಕಿಂಗ್ ಹಾಕಬೇಕು. ನಮ್ಮ ಊರಿನ ಸೆಕೆಗೆ ಅದು ಶಿಕ್ಷೆಯೇ. ಗುಳ್ಳೆಗಳಿದ್ದ ಜಾಗಕ್ಕೆ ಎರಡು ಸಲ ಔಷಧಿ ಚುಚ್ಚಿ ಮುಚ್ಚಿಸಿದ್ದಾರೆ. ಕಾಲು ಕೆಂಪಾಗಿ ಜ್ವರ ಬಂದರೆ ಕಾಯದೆ ಆಂಟಿಬಯಾಟಿಕ್ ಶುರು ಮಾಡಲು ಚೀಟಿ ಮನೆಯಲ್ಲೇ ಇದೆ. ಸಿರೊಲಿಮಸ್ ಅನ್ನುವ ಮಾತ್ರೆ ಬೇಕಾದರೆ ಮುಂದೆ ನೋಡೋಣ ಅಂದಿದ್ದಾರೆ. ಈ ಜೀನಿನ ಕೆಲಸವನ್ನೇ ತಡೆಯುವ ಅಲ್ಪೆಲಿಸಿಬ್ ಅನ್ನುವ ಔಷಧಿಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿದೆ, ಜೋರು ಇರುವ ಮಕ್ಕಳಿಗೆ. ಇವಳಿಗೆ ಸದ್ಯಕ್ಕೆ ಬೇಡ. ಉದ್ದದ ವ್ಯತ್ಯಾಸ 1.8 ಸೆಂಟಿಮೀಟರ್ ಇದೆ. ಜಾಸ್ತಿಯಾದರೆ ಹತ್ತು ಹನ್ನೆರಡು ವರ್ಷದ ಹೊತ್ತಿಗೆ, ಬೆಳೆಯುವ ಮೂಳೆಯ ತುದಿಯನ್ನು ತಡೆಯುವ ಸಣ್ಣ ಆಪರೇಶನ್. ಇನ್ನೊಂದು ಮಾತನ್ನು ನಾನು ಫೈಲಿನ ಮೇಲೆಯೇ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ: ಇವಳು ದೊಡ್ಡವಳಾದ ಮೇಲೆ ಈಸ್ಟ್ರೋಜನ್ ಇರುವ ಮಾತ್ರೆಯನ್ನು ಯಾರೂ ಸುಮ್ನೆ ಬರೆದುಕೊಡಬಾರದು, ರಕ್ತ ಹೆಪ್ಪುಗಟ್ಟುವ ಅಪಾಯ. ಆ ಹೊತ್ತಿಗೆ ನನಗೆ ಮರೆತುಹೋದರೆ?

2025ರ ಸೆಪ್ಟೆಂಬರ್ 7, ಭಾನುವಾರ, ಮತ್ತೆ ಚಂದ್ರಗ್ರಹಣ. ಪೂರ್ತಿ ಗ್ರಹಣ, ರಾತ್ರಿ ಹನ್ನೊಂದಕ್ಕೆ. ಸೋಮವಾರ ಪುಟ್ಟಿಗೆ ಶಾಲೆಯ ಹೊಸ ಪ್ಯಾಂಟ್ ಆಗಬೇಕಿತ್ತು. ಬಲಗಾಲಿಗೆ ಬೇರೆ, ಎಡಗಾಲಿಗೆ ಬೇರೆ ಕತ್ತರಿಸುವುದು, ಹೊರಗಿನಿಂದ ನೋಡಿದರೆ ಒಂದೇ ಥರ ಕಾಣುವ ಹಾಗೆ ಒಳಗೆ ಮಡಿಕೆ ಕೊಡುವುದು. ಊಟ ಮುಗಿಸಿ ಮಿಷನ್ ಹತ್ತಿರ ಹೋದರೆ ಕತ್ತರಿ ಇಲ್ಲ. ದೊಡ್ಡದೂ ಇಲ್ಲ, ನೂಲು ಕತ್ತರಿಸುವ ಸಣ್ಣದೂ ಇಲ್ಲ. ಅತ್ತೆ ಎರಡನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಜಪಕ್ಕೆ ಕೂತಿದ್ದರು.

"ಅತ್ತೆ, ನಾನೀಗ ಬಸುರಿ ಅಲ್ಲ," ಅಂದೆ.

"ಗೊತ್ತೇ. ಬೆಳಿಗ್ಗೆ ಕೊಡ್ತೆ," ಅಂದರು, ಕಣ್ಣು ತೆರೆಯದೆ.

ಟೇಪಿಗೆ ಗ್ರಹಣದ ಅಡ್ಡಿ ಇಲ್ಲವಲ್ಲ. ಪುಟ್ಟಿ ಮಲಗಿದ್ದಳು. ಸ್ಟಾಕಿಂಗ್ ಬಿಚ್ಚಿದ ಕಾಲಿನ ಮೇಲೆ ಅದರ ಅಚ್ಚು ಮೂಡಿತ್ತು. ಮೊಣಕಾಲ ಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ ಟೇಪ್ ಸುತ್ತಿದೆ. ಎಡ 9¾, ಬಲ 11¼. ಹಿಂದಿನ ಹಾಳೆ ಯಾವತ್ತೋ ತುಂಬಿದೆ. ಈಗ ಅದರ ಹಿಂದಿನದ್ದೂ, ಅದರ ಹಿಂದಿನದ್ದೂ ಪುಟ್ಟಿಯದೇ. ಅಲ್ಲಿ ತಾರೀಖು ಹಾಕಿ ಎರಡೂ ಬರೆದೆ.